ಥೈರಾಯ್ಡ್ ಡೈರಿ, ಭಾಗ 4: ಓದಿದ್ದೆ, ಕೈ ಬರೀಲಿಲ್ಲ

ನಮ್ಮ ಕ್ಲಾಸ್ ಇರೋದು ಮೂರನೇ ಮಹಡಿಯಲ್ಲಿ. ಹೋದ ವರ್ಷ ಮಳೆಗಾಲದಲ್ಲಿ ನಾನು ದಿನಾ ಎರಡನೇ ಮಹಡಿಯಲ್ಲಿ ನಿಂತು ಮೊಬೈಲ್ ನೋಡೋ ಥರ ನಾಟಕ ಮಾಡ್ತಿದ್ದೆ. ನಿಜ ಏನಂದ್ರೆ, ಮುಂದಿನ ಮೆಟ್ಟಿಲಿಗೆ ಕಾಲು ಎತ್ತೋಕೆ ಆಗ್ತಿರ್ಲಿಲ್ಲ.

ತಲೆ ಬಾಚೋಕೆ ಕೈ ಎತ್ತಿದ್ರೆ ಎರಡೇ ನಿಮಿಷಕ್ಕೆ ಭುಜ ಸೋತು ಹೋಗ್ತಿತ್ತು. ಊಟಕ್ಕೆ ನೆಲದ ಮೇಲೆ ಕೂತ್ರೆ ಏಳೋಕೆ ಗೋಡೆ ಬೇಕು. "ಈ ವಯಸ್ಸಿಗೇ ಅಜ್ಜಿ ಆದ್ಯಲ್ಲೇ" ಅಂತ ಅಮ್ಮ ನಗೋರು. ರಾತ್ರಿ ಬಲಗೈ ಜೋಮು ಹಿಡಿದು ಎಚ್ಚರ ಆಗೋದು, ಕೈ ಕೊಡವಿ ಕೊಡವಿ ಮತ್ತೆ ಮಲಗೋದು. ಅಪ್ಪ ಎಲ್ಲದಕ್ಕೂ ಒಂದೇ ಔಷಧಿ ಹೇಳೋರು: "ಆ ಮೊಬೈಲ್ ಕೆಳಗಿಡು."

ಆಮೇಲೆ ಇಂಟರ್ನಲ್ಸ್ ಬಂತು. ಕಾಸ್ಟ್ ಅಕೌಂಟಿಂಗ್ ಪೇಪರ್. ಕೊನೆಯ ಲೆಕ್ಕ ನನಗೆ ಚೆನ್ನಾಗಿ ಗೊತ್ತಿತ್ತು. ಆದ್ರೆ ಬೆರಳು ಮರಗಟ್ಟಿ ಪೆನ್ನು ಜಾರ್ತಾ ಇತ್ತು. ಖಾಲಿ ಹಾಳೆ ನೋಡಿ ಮೇಡಂ "ಓದ್ಕೊಂಡ್ ಬಂದಿಲ್ವಾ?" ಅಂದ್ರು. "ಇಲ್ಲ ಮೇಡಂ" ಅಂದ್ಬಿಟ್ಟೆ. ಕೈ ಬರೀಲಿಲ್ಲ ಅಂದ್ರೆ ಯಾರು ನಂಬ್ತಾರೆ? ಅಷ್ಟೊತ್ತಿಗೆ ನಾನು ಸೋಮಾರಿ ಅಂತ ನಾನೇ ನಂಬಿದ್ದೆ.

ಡಾಕ್ಟರ್ ಮೊದಲು ಕೇಳಿದ್ದು, "ಯಾವ್ ಯಾವ ಬೆರಳಮ್ಮಾ?" ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು. ಕಿರುಬೆರಳಿಗೆ ಏನೂ ಇಲ್ಲ. ಆಮೇಲೆ ಕುರ್ಚಿ ಮೇಲೆ ಮಂಡಿಯೂರಿಸಿ, ಹಿಮ್ಮಡಿಯ ಮೇಲ್ಗಡೆ ಸಣ್ಣ ಸುತ್ತಿಗೆಯಿಂದ ತಟ್ಟಿದ್ರು. ಪಾದ ಟಕ್ ಅಂತ ಅಲ್ಲಾಡಿತು, ಆದ್ರೆ ವಾಪಸ್ ಬರೋಕೆ ತುಂಬಾ ಹೊತ್ತು ತಗೊಳ್ತು. "ಥೈರಾಯ್ಡ್ ನೋಡೋಣ" ಅಂದ್ರು. ಟಿಎಸ್‌ಎಚ್ ಸುಮಾರು 4ರ ಒಳಗಿರಬೇಕು. ನನ್ನದು 78. ಸ್ನಾಯುಗಳಿಗೆ ಪೆಟ್ಟಾದಾಗ ರಕ್ತದಲ್ಲಿ ಏರೋ ಸಿಕೆ ಅನ್ನೋ ಎನ್‌ಜೈಮ್ ಕೂಡ ಜಾಸ್ತಿ ಇತ್ತು.

ಅವರು ವಿವರಿಸಿದ್ದು ಇಷ್ಟು. ಥೈರಾಯ್ಡ್ ಹಾರ್ಮೋನ್ ಕಮ್ಮಿಯಾದ್ರೆ ಸ್ನಾಯು ಶಕ್ತಿ ತಯಾರಿಸೋದು ನಿಧಾನ, ಬಿಗಿಯಾದ ಮೇಲೆ ಸಡಿಲ ಆಗೋದೂ ನಿಧಾನ. ತೊಡೆ, ಸೊಂಟ, ಭುಜದಲ್ಲಿ ಅದು ಹೆಚ್ಚು ಗೊತ್ತಾಗುತ್ತೆ. ಮಣಿಕಟ್ಟಿನಲ್ಲಿ ಒಂದು ಇಕ್ಕಟ್ಟಾದ ದಾರಿ ಇದೆ, ಅದರೊಳಗೆ ಮೀಡಿಯನ್ ನರ ಹೋಗುತ್ತೆ. ಸುತ್ತಲಿನ ಭಾಗ ನೀರು ಹಿಡಿದು ಊದಿಕೊಂಡು ಆ ನರವನ್ನ ಒತ್ತುತ್ತೆ. ಇದೇ ಕಾರ್ಪಲ್ ಟನಲ್. ಕಿರುಬೆರಳಿನ ನರ ಬೇರೆ ದಾರೀಲಿ ಬರೋದ್ರಿಂದ ಅದು ಬಚಾವ್.

ಈಗ ಬೆಳಗ್ಗೆ ಎದ್ದ ತಕ್ಷಣ ಖಾಲಿ ಹೊಟ್ಟೆಗೆ ಮಾತ್ರೆ, ಕಾಫಿ ಒಂದು ಗಂಟೆ ಆದ್ಮೇಲೆ. ನನ್ನ ಜೊತೆ ಅಮ್ಮನೂ ಕಾಫಿಗೆ ಕಾಯ್ತಾರೆ, ಬೇಡ ಅಂದ್ರೂ ಕೇಳಲ್ಲ. ಒಂದೇ ವಾರಕ್ಕೆ ಸರಿಹೋಗೋ ವಿಷಯ ಅಲ್ಲ ಇದು. ರಾತ್ರಿ ಜೋಮು ನಿಲ್ಲೋಕೆ ಎರಡು ತಿಂಗಳು, ಗೋಡೆ ಹಿಡಿಯದೆ ಏಳೋಕೆ ನಾಲ್ಕು ತಿಂಗಳು ಬೇಕಾಯ್ತು.

ರಿಪೋರ್ಟ್ ತಗೊಂಡು ಹೋಗಿ ಮೇಡಂಗೆ ತೋರಿಸ್ದೆ. "ಅವತ್ತೇ ಯಾಕೆ ಹೇಳ್ಲಿಲ್ಲ?" ಅಂದ್ರು. ಮಾರ್ಕ್ಸ್ ಬದಲಾಗ್ಲಿಲ್ಲ. ಆದ್ರೆ "ಓದಿದ್ದೆ ಮೇಡಂ" ಅಂತ ಹೇಳಿ ಬಂದೆ.

ಎಲ್ಲ ಜೋಮೂ ಥೈರಾಯ್ಡ್ ಅಲ್ಲ. ಸಕ್ಕರೆ ಕಾಯಿಲೆ, ಬಿ12 ಕೊರತೆಯಿಂದಲೂ ಬರುತ್ತೆ. ನೀವಾಗೇ ಮಾತ್ರೆ ತಗೋಬೇಡಿ, ಒಂದು ರಕ್ತ ಪರೀಕ್ಷೆ ಮಾಡಿಸಿ. ಮನೇಲಿ ಯಾರಾದ್ರೂ ಗೋಡೆ ಹಿಡಿದು ಏಳ್ತಿದ್ರೆ ನಗೋ ಮೊದಲು ಒಂದ್ಸಲ ಕೇಳಿ.

ನಿಮ್ಗೂ ಹೀಗೆ ಆಗಿದ್ಯಾ? ಕೆಳಗೆ ಬರೀರಿ. ಕೈ ನೋಯ್ತಿದ್ರೆ ವಾಯ್ಸ್ ಮೆಸೇಜ್ ಕಳ್ಸಿ, ಪರ್ವಾಗಿಲ್ಲ. 🙂

#ಥೈರಾಯ್ಡ್‌ಡೈರಿ #ಸೋಮಾರಿಯಲ್ಲ