ಗಾಜಿನ ಮೇಲಿನ ಅಂಕಿ

ಪುಣೆಯಲ್ಲಿ ನೆಲಸುವ ಮುನ್ನ ನಾವು ಅಣ್ಣತಮ್ಮಂದಿರಿಬ್ಬರೂ ಅಮೆರಿಕದ ಮಿಷಿಗನ್‌ನಲ್ಲಿದ್ದೆವು. ನೆರೆಮನೆಯ ಹಿರಿಯರು ತಮ್ಮ 1969ರ ಷೆವ್ರೊಲೆ ಷೆವೆಲ್ ಕಾರಿನೊಡನೆ ಮೈಲನ್ ಊರಿನ ಡ್ರ್ಯಾಗ್ ಪಂದ್ಯಗಳಿಗೆ ನಮ್ಮನ್ನೂ ಕರೆದೊಯ್ಯುತ್ತಿದ್ದರು: ಕಾಲು ಮೈಲಿಯ, ಅಂದರೆ 402 ಮೀಟರಿನ, ನೇರ ಓಟ. ಹವ್ಯಾಸಿಗಳ ಬ್ರಾಕೆಟ್ ಪಂದ್ಯದಲ್ಲಿ ಕಾರು ಎಷ್ಟು ಸೆಕೆಂಡಿನಲ್ಲಿ ಗುರಿ ಮುಟ್ಟುವುದೆಂದು ಮೊದಲೇ ಗಾಜಿನ ಮೇಲೆ ಬರೆಯಬೇಕು. ಅದಕ್ಕಿಂತ ಬೇಗ ಮುಟ್ಟಿದರೆ, ಎದುರಾಳಿ ತಪ್ಪು ಮಾಡದ ಹೊರತು, ಸೋಲೇ.

ಒಮ್ಮೆ ಅವರು 14.20 ಎಂದು ಬರೆದರು, ಕಾರು 14.17ಕ್ಕೇ ಮುಟ್ಟಿತು. ಸೋತು ಇಳಿದವರು ಬಾನೆಟ್ ಸವರಿ, "ಇವಳನ್ನು ಮುದುಕಿಯೆಂದುಕೊಂಡಿದ್ದೆ" ಎಂದು ನಕ್ಕರು.

ನಮಗೆ ನಗು ಬರಲಿಲ್ಲ. ಆ ಬೇಸಿಗೆಯಲ್ಲೇ ನಾವು ಧಾರವಾಡಕ್ಕೆ ಫೋನು ಮಾಡಿ, ವಯಸ್ಸಾಯಿತೆಂದು ಅಪ್ಪನ ಸ್ಕೂಟರನ್ನು ಮಾರಿಸಿದ್ದೆವು. ಅಪ್ಪ ಮರುಮಾತಾಡಿರಲಿಲ್ಲ. ಅವರ ಪಾಲಿನ ಅಂಕಿಯನ್ನು ಬರೆದವರು ನಾವು. ಅದನ್ನು ಸುಳ್ಳಾಗಿಸಲು ಅವರಿಗೆ ರಸ್ತೆಯನ್ನೇ ಉಳಿಸಿರಲಿಲ್ಲ.