ಎಲ್ಲರೂ ನೋಡುತ್ತಾರೆ

ಎರಡು ವರ್ಷದ ಮಗುವಿರುವ ಮನೆಗೆ ನೀವು ಎಂದಾದರೂ ಹೇಳದೆ ಕೇಳದೆ ಹೋಗಿದ್ದೀರಾ? ಹೋಗಿದ್ದರೆ, ಬಾಗಿಲು ತೆರೆದವರ ಕೈಯಲ್ಲಿ ಚಮಚವನ್ನೂ, ಹೆಗಲ ಮೇಲೆ ಒದ್ದೆ ಟವೆಲನ್ನೂ, ಅಂಗಿಯ ಮೇಲೆ ರಾಗಿ ಸರಿಯ ಕಲೆಯನ್ನೂ ಕಂಡಿರುತ್ತೀರಿ. "ಬನ್ನಿ, ಕುಳಿತುಕೊಳ್ಳಿ" ಎಂದು ಅವರು ತೋರಿಸಿದ ಕುರ್ಚಿಯ ಮೇಲೆ ಅರ್ಧ ತಿಂದ ಬಾಳೆಹಣ್ಣೊಂದು ನಿಮಗಾಗಿ ಕಾದಿರುತ್ತದೆ. ಅದನ್ನು ನೋಡದೆ ಕುಳಿತಿದ್ದರೆ ಆ ಭೇಟಿಯನ್ನು ನೀವು ಇಂದಿಗೂ ಮರೆತಿರಲಾರಿರಿ. ನಮ್ಮ ಮನೆಯೂ ಈಗ ಅಂಥದ್ದೊಂದು ಮನೆ.

ನಮ್ಮ ಮಗಳಿಗೆ ಈಗ ಎರಡು ವರ್ಷ ನಾಲ್ಕು ತಿಂಗಳು. ಮನೆಯಲ್ಲಿ ಎಲ್ಲರೂ ಅವಳನ್ನು ಪುಟ್ಟಿ ಎಂದೇ ಕರೆಯುತ್ತೇವೆ. ಅವಳು ಹುಟ್ಟುವುದಕ್ಕೆ ಮೊದಲು, ಮಕ್ಕಳನ್ನು ಹೇಗೆ ಬೆಳೆಸಬೇಕೆಂಬುದು ನನಗೆ ಬಹಳ ಚೆನ್ನಾಗಿ ತಿಳಿದಿತ್ತು. ಭಾನುವಾರದ ಬಲಿಪೂಜೆಯ ನಡುವೆ ಯಾವುದಾದರೂ ಮಗು ಅತ್ತರೆ, ಕತ್ತು ಹೊರಳಿಸಿ ನೋಡುವವರಲ್ಲಿ ನಾನೂ ಒಬ್ಬನಾಗಿದ್ದೆ. 'ತಂದೆತಾಯಿಗಳು ಸ್ವಲ್ಪ ಶಿಸ್ತು ಕಲಿಸಬಾರದೇ?' ಎಂದು ಮನಸ್ಸಿನಲ್ಲೇ ತೀರ್ಪು ನೀಡಿ, ಮತ್ತೆ ಭಕ್ತಿಯಿಂದ ಬಲಿಪೀಠದ ಕಡೆಗೆ ತಿರುಗುತ್ತಿದ್ದೆ. ದೇವರು ತಾಳ್ಮೆಯುಳ್ಳವರೆಂದು ಚಿಕ್ಕಂದಿನಿಂದ ಕೇಳುತ್ತಾ ಬಂದಿದ್ದೆ. ಅವರಿಗೆ ಹಾಸ್ಯಪ್ರಜ್ಞೆಯೂ ಉಂಟೆಂಬುದು ಪುಟ್ಟಿ ನಡೆಯಲು ಕಲಿತ ಮೇಲೆ ನನಗೆ ತಿಳಿಯಿತು.

ಈ ವಯಸ್ಸಿನ ಮಕ್ಕಳ ನಿಘಂಟಿನಲ್ಲಿ ಎರಡೇ ಮುಖ್ಯ ಪದಗಳು: ಒಂದು 'ಬೇಡ', ಇನ್ನೊಂದು 'ನಾನೇ'. ಚಪ್ಪಲಿ ಹಾಕಲು ಹೋದರೆ "ನಾನೇ!" ಎನ್ನುತ್ತಾಳೆ. ಎಡಗಾಲಿನದನ್ನು ಬಲಗಾಲಿಗೆ ಹಾಕಿಕೊಂಡು ಹತ್ತು ನಿಮಿಷ ಹೆಣಗಿ, ಕೊನೆಗೆ ನಾವು ಸರಿಪಡಿಸಲು ಬಾಗಿದರೆ, "ಬೇಡ!" ಎಂದು ನೆಲದ ಮೇಲೆ ಬಿದ್ದು ಹೊರಳುತ್ತಾಳೆ. ಇಡ್ಲಿ ಬೇಕೆನ್ನುತ್ತಾಳೆ, ಕೊಟ್ಟರೆ, ಅದನ್ನು ಎರಡು ತುಂಡು ಮಾಡಿದ್ದೇಕೆಂದು ಅಳುತ್ತಾಳೆ. ತುಂಡಾದ ಇಡ್ಲಿಯನ್ನು ಮತ್ತೆ ಒಂದುಗೂಡಿಸುವ ವಿದ್ಯೆಯನ್ನು ಯಾವ ಕಾಲೇಜಿನಲ್ಲಿಯೂ ಕಲಿಸುವುದಿಲ್ಲ. ಅಂಥ ಹೊತ್ತಿನಲ್ಲಿ ಮೊಬೈಲ್ ಫೋನನ್ನು ಅವಳ ಮುಂದಿಟ್ಟು ಎರಡು ತುತ್ತು ಒಳಗೆ ಸೇರಿಸುವ ಆಸೆ ನಮ್ಮನ್ನು ಕಾಡದೆ ಇರುವುದಿಲ್ಲ. ಎರಡರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಪರದೆಯ ಮುಂದೆ ಕೂರಬಾರದು, ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸಲಹೆ ನೀಡಿದೆ. ಸಲಹೆಯೇನೋ ಉತ್ತಮವಾದದ್ದೇ. ಆದರೆ ಅದನ್ನು ಬರೆದವರು ಒಮ್ಮೆ ನಮ್ಮ ಮನೆಗೆ ಬಂದು ಪುಟ್ಟಿಗೆ ಉಪ್ಪಿಟ್ಟು ತಿನ್ನಿಸಲಿ ಎಂದು ನನ್ನಾಕೆ ಹೇಳುತ್ತಾಳೆ.

ಸಂಜೆಯ ಪ್ರಾರ್ಥನೆಯ ವಿಷಯವನ್ನು ಕೇಳಿ. ನಮ್ಮ ಮನೆಯಲ್ಲಿ ಮಾತೆ ಮರಿಯಮ್ಮನವರ ಸ್ವರೂಪದ ಮುಂದೆ ಮೊಂಬತ್ತಿ ಹಚ್ಚಿ ಜಪಸರ ಮಾಡುವ ರೂಢಿಯುಂಟು. ಒಂದು ಸಂಜೆ ನಾವೆಲ್ಲರೂ ಕಣ್ಮುಚ್ಚಿ ಎರಡನೆಯ ರಹಸ್ಯಕ್ಕೆ ಬಂದಿದ್ದೆವು. 'ಫೂ' ಎಂಬ ಸದ್ದಾಯಿತು. ಕಣ್ತೆರೆದರೆ ಕತ್ತಲು. ಕತ್ತಲೊಳಗಿನಿಂದ ಚಪ್ಪಾಳೆಯೂ "ಹ್ಯಾಪಿ ಬರ್ತ್‌ಡೇ, ಮರಿಯಮ್ಮ!" ಎಂಬ ಶುಭಾಶಯವೂ ಕೇಳಿಬಂದವು. ಹಿಂದಿನ ವಾರ ಪಕ್ಕದ ಮನೆಯ ಹುಡುಗನ ಹುಟ್ಟುಹಬ್ಬಕ್ಕೆ ಹೋಗಿ ಬಂದಿದ್ದಳಲ್ಲ, ಉರಿಯುವ ಬತ್ತಿಯನ್ನು ಕಂಡರೆ ಏನು ಮಾಡಬೇಕೆಂಬುದು ಅವಳಿಗೆ ಖಚಿತವಾಗಿತ್ತು. ನನ್ನ ತಾಯಿಯವರು, "ಅದಕ್ಕೆ ಸೆಪ್ಟೆಂಬರ್ 8 ಬರಬೇಕು ಮಗಳೇ, ಇನ್ನೂ ಒಂದು ತಿಂಗಳಿದೆ" ಎಂದರು. ಅಂದಿನ ಜಪಸರ ನಗೆಯಲ್ಲೇ ಮುಗಿಯಿತು. ಮರಿಯಮ್ಮನವರು ಬೇಸರಪಟ್ಟಿರಲಾರರೆಂದು ನನ್ನ ನಂಬಿಕೆ.

ಆದರೆ ಮನೆಯಲ್ಲಿ ನಗೆ ತರಿಸಿದ್ದು ಮನೆಯಾಚೆ ನಗೆ ತರಿಸುವುದಿಲ್ಲ. ಒಂದು ಭಾನುವಾರ ನಡೆದ ಘಟನೆಯನ್ನು ಸ್ವಲ್ಪ ಸಂಕೋಚದಿಂದಲೇ ನಿಮ್ಮ ಮುಂದಿಡುತ್ತಿದ್ದೇನೆ.

ನಮ್ಮ ಬೀದಿಗೆ ರಾತ್ರಿ ಎಂಟರ ಹೊತ್ತಿಗೆ ಕುಲ್ಫಿಯವನು ಗಂಟೆ ಬಾರಿಸುತ್ತಾ ಬರುತ್ತಾನೆ. ಆ ಗಂಟೆಗೂ ನಮ್ಮ ದೇವಾಲಯದ ಬಲಿಪೀಠದ ಬಳಿ ಬಾರಿಸುವ ಗಂಟೆಗೂ ದನಿಯಲ್ಲಿ ಅಷ್ಟೊಂದು ಹೋಲಿಕೆಯಿದೆಯೆಂದು ನಾನು ಎಂದೂ ಗಮನಿಸಿರಲಿಲ್ಲ. ಆ ಭಾನುವಾರ ದೇವಾಲಯ ತುಂಬಿತ್ತು. ಗುರುಗಳು ಪರಮಪ್ರಸಾದವನ್ನು ಮೇಲೆತ್ತಿ ಹಿಡಿದರು. ಗಂಟೆ ಮೊಳಗಿತು. ಎಲ್ಲರೂ ಮೊಣಕಾಲೂರಿ ತಲೆಬಾಗಿದ್ದ ಆ ಗಂಭೀರ ಮೌನದಲ್ಲಿ ನನ್ನ ತೋಳಿನಲ್ಲಿದ್ದ ಪುಟ್ಟಿ ಎದೆಯುಬ್ಬಿಸಿ ಕೂಗಿದಳು: "ಕುಲ್ಫೀ!"

ಯುವಕರ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮುಂದಿನ ಬೆಂಚಿನಲ್ಲಿದ್ದ ಹಿರಿಯರೊಬ್ಬರು ಕತ್ತು ಹೊರಳಿಸಿ ನನ್ನನ್ನು ನೋಡಿದರು. ಆ ನೋಟ ನನಗೆ ಚಿರಪರಿಚಿತವಾಗಿತ್ತು. ಅದು ನನ್ನದೇ ಹಳೆಯ ನೋಟ. ಮಗುವನ್ನು ಬಾಚಿಕೊಂಡು ಹೊರಗೆ ನಡೆದೆ. ಅಂಗಳದ ಮರದಡಿಯಲ್ಲಿ ಇಳಿಸಿ, ಅವಳ ಪುಟ್ಟ ಕೈಯ ಮೇಲೆ ಒಂದು ಏಟು ಕೊಟ್ಟು, ಹಲ್ಲು ಕಚ್ಚಿ ಹೇಳಿದೆ: "ಶ್! ಎಲ್ಲರೂ ನೋಡ್ತಾರೆ!"

ಏಟು ಜೋರಾದುದೇನಲ್ಲ. ಆದರೂ ಅವಳು ತನ್ನ ಕೈಯನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದಳು. ನೋವಿಗಿಂತ ಹೆಚ್ಚಾಗಿ ಬೆರಗು ಆ ಮುಖದಲ್ಲಿತ್ತು. ಆಮೇಲೆ ಅಳು ಬಂತು. ಅಳುತ್ತಾ ಎಲ್ಲಿಗೆ ಓಡಿದಳೆಂದು ಬಲ್ಲಿರಾ? ಸುತ್ತಲೂ ಬೇರೆ ಯಾರೂ ಇರಲಿಲ್ಲ. ಹೊಡೆದ ನನ್ನ ಕಾಲನ್ನೇ ತಬ್ಬಿಕೊಂಡು, ನನ್ನ ಪ್ಯಾಂಟಿನಲ್ಲೇ ಮುಖ ಹುದುಗಿಸಿ ಬಿಕ್ಕಿದಳು. ಗಾಯ ಮಾಡಿದ ಕೈಯನ್ನೇ ಔಷಧಿಗಾಗಿ ಹುಡುಕುವ ಆ ನಂಬಿಕೆಯನ್ನು ಕಂಡು ನನ್ನ ಗಂಟಲು ಕಟ್ಟಿತು. ಆದರೂ ಅಂದು ನಾನು ಏನೂ ಹೇಳಲಿಲ್ಲ. ತಂದೆಯಾದವನು ತಪ್ಪೊಪ್ಪಿಕೊಂಡರೆ ಗೌರವ ಉಳಿದೀತೇ ಎಂಬ ಬಿಗುಮಾನ ಅಡ್ಡಬಂತು.

ಮರುದಿನ ಸಂಜೆ ಕೆಲಸದಿಂದ ಬಂದು ಬಾಗಿಲಲ್ಲಿ ನಿಂತಾಗ ಪುಟ್ಟಿ ಒಳಗೆ ತನ್ನ ಬಟ್ಟೆಗೊಂಬೆಯೊಡನೆ ಆಡುತ್ತಿದ್ದಳು. ಗೊಂಬೆಯನ್ನು ಮೂಲೆಯಲ್ಲಿ ನಿಲ್ಲಿಸಿ, ಅದರ ಕೈಯ ಮೇಲೆ ಪಟ್ಟೆಂದು ಹೊಡೆದು, ಹುಬ್ಬು ಗಂಟಿಕ್ಕಿ ಹೇಳಿದಳು: "ಶ್! ಎಲ್ಲಾಲೂ ನೋಡ್ತಾಲೆ!"

ಪ್ರಿಯ ವಾಚಕರೇ, ಹಲವು ಪ್ರಬೋಧನೆಗಳನ್ನು ಕೇಳಿದ್ದೇನೆ, ತಪಸ್ಸುಕಾಲದ ಧ್ಯಾನಕೂಟಗಳಲ್ಲಿ ಕುಳಿತಿದ್ದೇನೆ. ಆ ಎರಡು ಪದಗಳಷ್ಟು ನೇರವಾಗಿ ನನ್ನನ್ನು ಪರೀಕ್ಷಿಸಿದ ಬೋಧನೆ ಇನ್ನೊಂದಿಲ್ಲ. 'ದೇವರು ಇಲ್ಲಿದ್ದಾರೆ, ಮೆಲ್ಲಗೆ ಮಾತನಾಡೋಣ' ಎಂದು ನಾನು ಹೇಳಿದ್ದರೆ ಗೊಂಬೆಗೂ ಆ ಮಾತೇ ಮುಟ್ಟುತ್ತಿತ್ತು. ನಾನು ಹಾಗೆ ಹೇಳಲಿಲ್ಲ. ಪವಿತ್ರವಾದ ಆ ಕ್ಷಣದ ಮರ್ಯಾದೆಗಾಗಿ ನಾನು ಸಿಟ್ಟಾಗಿರಲಿಲ್ಲ, ನನ್ನ ಮರ್ಯಾದೆಗಾಗಿ ಸಿಟ್ಟಾಗಿದ್ದೆ. ಪ್ರಭು ನೋಡುತ್ತಾರೆಂಬುದನ್ನು ಮರೆತು, ಜನ ನೋಡುತ್ತಾರೆಂಬುದನ್ನು ನೆನೆದಿದ್ದೆ. ದೇವಾಲಯದ ಕುರಿತು ನಾನು ಅವಳಿಗೆ ಕಲಿಸಿದ ಮೊದಲ ಪಾಠ ಅದಾಗಿಬಿಟ್ಟಿತಲ್ಲ ಎಂಬ ವ್ಯಥೆ ಅಂದು ರಾತ್ರಿ ನಿದ್ದೆಗೆಡಿಸಿತು.

ಪುಟ್ಟಿಯ ಜ್ಞಾನಸ್ನಾನದ ದಿನ ನೆನಪಾಯಿತು. ಪಾಸ್ಖ ಮೊಂಬತ್ತಿಯಿಂದ ಹಚ್ಚಿದ ಪುಟ್ಟ ದೀಪವನ್ನು ಅಂದು ನಮ್ಮ ಕೈಗಿತ್ತು, ಈ ಬೆಳಕನ್ನು ಆರದಂತೆ ಕಾಯುವ ಹೊಣೆಯನ್ನು ತಂದೆತಾಯಿಗಳಿಗೂ ಜ್ಞಾನ ತಂದೆತಾಯಿಗಳಿಗೂ ಒಪ್ಪಿಸಿದ್ದರು. ಎರಡನೆಯ ವ್ಯಾಟಿಕನ್ ಮಹಾಸಭೆಯು 1964ರಲ್ಲಿ ಧರ್ಮಸಭೆಯ ಕುರಿತು ಹೊರಡಿಸಿದ ಮಹಾಪತ್ರದಲ್ಲಿ ಕುಟುಂಬವನ್ನು ಮನೆಯೊಳಗಿನ ಧರ್ಮಸಭೆಗೆ ಹೋಲಿಸಿ, ತಂದೆತಾಯಿಗಳೇ ತಮ್ಮ ನುಡಿಯಿಂದಲೂ ನಡೆಯಿಂದಲೂ ಮಕ್ಕಳಿಗೆ ವಿಶ್ವಾಸದ ಮೊದಲ ಬೋಧಕರಾಗಬೇಕೆಂದು ಹೇಳಿದೆ. ನುಡಿಯೊಂದೇ ಸಾಕೆಂದಿದ್ದರೆ ನನಗೆ ಎಷ್ಟು ಸುಲಭವಾಗುತ್ತಿತ್ತು! ಎರಡು ವರ್ಷದ ಮಗುವಿಗೆ ನಮ್ಮ ಉಪದೇಶ ಅರ್ಥವಾಗುವುದಿಲ್ಲ. ಆದರೆ ನಮ್ಮ ಹುಬ್ಬು, ನಮ್ಮ ದನಿ, ನಮ್ಮ ಕೈ ಇವೆಲ್ಲವೂ ಸಂಪೂರ್ಣವಾಗಿ ಅರ್ಥವಾಗುತ್ತವೆ. ಈ ವಯಸ್ಸಿನಲ್ಲಿ ಮಕ್ಕಳು ಕಂಡದ್ದನ್ನೆಲ್ಲ ಆಟದಲ್ಲಿ ಅಭಿನಯಿಸಿಯೇ ಕಲಿಯುತ್ತಾರೆ. ಮನಸ್ಸಿಗೆ ಬಂದುದನ್ನು ತಡೆಹಿಡಿಯುವ ಶಕ್ತಿ ಬೆಳೆಯುವುದಕ್ಕೆ ಇನ್ನೂ ಹಲವು ವರ್ಷಗಳು ಬೇಕು. ಗಂಟೆ ಕೇಳಿದೊಡನೆ ಕುಲ್ಫಿಯನ್ನು ನೆನೆದದ್ದು ಅವಳ ಅವಿಧೇಯತೆಯಲ್ಲ. ಅದು ಅವಳ ನೆನಪಿನ ಚುರುಕು. ತಡೆದುಕೊಳ್ಳುವ ಶಕ್ತಿ ಇರಬೇಕಾದವನು ನಾನು. ಅಂದು ಅದು ನನ್ನಲ್ಲೂ ಇರಲಿಲ್ಲ.

ನಮ್ಮ ದೇಶದ 2009ರ ಶಿಕ್ಷಣ ಹಕ್ಕು ಕಾಯಿದೆಯು ಶಾಲೆಯಲ್ಲಿ ಮಕ್ಕಳಿಗೆ ದೈಹಿಕ ಶಿಕ್ಷೆ ಕೊಡುವುದನ್ನು ನಿಷೇಧಿಸಿದೆ. ನಲವತ್ತು ಮಕ್ಕಳ ತರಗತಿಯನ್ನು ನಿಭಾಯಿಸುವ ಶಿಕ್ಷಕಿಯಿಂದ ನಾವು ಅಪೇಕ್ಷಿಸುವ ಸಂಯಮವನ್ನು ಒಂದೇ ಮಗುವಿನ ಮುಂದೆ ನಾವು ತೋರಲಾರೆವೇ? 'ಏಟು ತಿಂದೇ ನಾವು ದೊಡ್ಡವರಾದೆವು' ಎಂಬ ಮಾತು ನಮ್ಮಲ್ಲಿ ವಾಡಿಕೆ. ನಿಜ. ಆದರೆ ತಂದೆಯರು ತಮ್ಮ ಮಕ್ಕಳನ್ನು ಕೆಣಕಿ ಅವರ ಮನಗುಂದಿಸಬಾರದೆಂದು ಸಂತ ಪೌಲರು ಕೊಲೊಸ್ಸೆಯ ಕ್ರೈಸ್ತರಿಗೆ ಬರೆದದ್ದೂ ಅಷ್ಟೇ ನಿಜ.

ಇನ್ನೊಂದು ಸಂಗತಿ ನನಗೆ ಸಾಂತ್ವನ ನೀಡಿತು. ಪ್ರಭು ಯೇಸುವಿನ ನಡೆದಾಡುವ ವಯಸ್ಸಿನ ಕುರಿತು ಶುಭಸಂದೇಶಗಳು ಹೆಚ್ಚೇನೂ ಹೇಳುವುದಿಲ್ಲ. ಆದರೆ ಹೆರೋದನು ಬೆತ್ಲೆಹೇಮಿನಲ್ಲಿ ಎರಡು ವರ್ಷ ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನ ಗಂಡುಮಕ್ಕಳನ್ನು ಕೊಲ್ಲಿಸಿದನೆಂದು ಸಂತ ಮತ್ತಾಯರು ತಿಳಿಸುತ್ತಾರೆ. ಹಾಗಾದರೆ ಸಂತ ಜೋಸೆಫರು ಮತ್ತು ಮರಿಯಮ್ಮನವರು ರಾತ್ರೋರಾತ್ರಿ ಈಜಿಪ್ಟಿಗೆ ಹೊರಟಾಗ ಅವರ ತೋಳಿನಲ್ಲಿದ್ದ ಬಾಲಯೇಸು ನಮ್ಮ ಪುಟ್ಟಿಯಂತೆಯೇ ಆಗತಾನೆ ನಡೆಯಲು ಕಲಿತವನಾಗಿದ್ದಿರಬಹುದು. ಆ ದಾರಿಯಲ್ಲಿ ಆ ಮಗು ಹಸಿವಿನಿಂದ ಅಳಲಿಲ್ಲವೇ? ಇಳಿಸಿದರೆ ಎತ್ತಿಕೋ, ಎತ್ತಿಕೊಂಡರೆ ಇಳಿಸು ಎನ್ನಲಿಲ್ಲವೇ? ಬೆನ್ನ ಹಿಂದೆ ಸೈನಿಕರ ಭಯವಿರುವಾಗ ಅಳುವ ಮಗುವನ್ನು ಸುಮ್ಮನಾಗಿಸಲು ಆ ತಂದೆತಾಯಿಗಳು ಎಷ್ಟು ಪಾಡುಪಟ್ಟರೋ! ಸಂತ ಜೋಸೆಫರು ಆಡಿದ ಒಂದೇ ಒಂದು ಮಾತೂ ಶುಭಸಂದೇಶಗಳಲ್ಲಿ ದಾಖಲಾಗಿಲ್ಲ. ಬಹುಶಃ ಅವರ ಎರಡೂ ಕೈಗಳು, ಇಡೀ ಗಮನ, ಮಗುವಿನ ಮೇಲೆಯೇ ಇದ್ದುವೇನೋ.

2025ರಲ್ಲಿ ಪ್ರಭುವಿನ ಬಳಿ ಸೇರಿದ ಜಗದ್ಗುರು ಫ್ರಾನ್ಸಿಸರನ್ನು ಇಲ್ಲಿ ಸ್ಮರಿಸದಿರಲಾರೆ. 2014ರ ಜನವರಿಯಲ್ಲಿ, ಪ್ರಭುವಿನ ಜ್ಞಾನಸ್ನಾನದ ಹಬ್ಬದಂದು, ಅವರು ವ್ಯಾಟಿಕನ್ನಿನ ಸಿಸ್ಟೈನ್ ಪ್ರಾರ್ಥನಾಲಯದಲ್ಲಿ 32 ಶಿಶುಗಳಿಗೆ ಜ್ಞಾನಸ್ನಾನ ನೀಡಿದರು. ಗಾಯನವೃಂದ ಹಾಡುತ್ತಿದ್ದರೂ ಈ ಮಕ್ಕಳ ಸದ್ದೇ ಎಲ್ಲಕ್ಕಿಂತ ಸುಂದರವಾದ ಗಾನವೆಂದು ನುಡಿದರು. ಹಸಿದ ಮಗುವಿಗೆ ಅಲ್ಲಿಯೇ ಸಂಕೋಚವಿಲ್ಲದೆ ಹಾಲೂಡಿಸಿರೆಂದು ತಾಯಂದಿರಿಗೆ ಹೇಳಿದರು. ಮಕ್ಕಳನ್ನು ತಡೆದ ಶಿಷ್ಯರನ್ನು ಪ್ರಭುವೇ ಗದರಿಸಿ, ಆ ಮಕ್ಕಳನ್ನು ಅಪ್ಪಿಕೊಂಡರಲ್ಲವೇ? ಅವರೆಲ್ಲ ಕೈಕಟ್ಟಿ ಸಾಲಾಗಿ ನಿಂತಿದ್ದರೆಂದು ಯಾವ ಶುಭಸಂದೇಶಕಾರರೂ ಬರೆದಿಲ್ಲ.

ಕೊನೆಗೆ ನಾನು ಬಿಗುಮಾನ ಬಿಟ್ಟೆ. ಪುಟ್ಟಿಯ ಮುಂದೆ ನೆಲದ ಮೇಲೆ ಕುಳಿತು, "ಅಪ್ಪ ಹೊಡೆದದ್ದು ತಪ್ಪು. ಸಾರಿ ಮಗಳೇ" ಎಂದೆ. ಅವಳಿಗೆ ಅದೆಲ್ಲ ಎಂದೋ ಮರೆತುಹೋಗಿತ್ತು. ನಾನು ಕೇಳುವುದಕ್ಕೆ ಮೊದಲೇ, ಅಂಗಳದ ಆ ಮರದಡಿಯಲ್ಲೇ, ಕ್ಷಮೆ ಸಿಕ್ಕಿಬಿಟ್ಟಿತ್ತು. ಆದರೆ ನ್ಯಾಯ ಬಿಡುವವಳಲ್ಲ ಅವಳು. ಓಡಿಹೋಗಿ ಗೊಂಬೆಯನ್ನು ತಂದು ನನ್ನ ಮುಖಕ್ಕೆ ಹಿಡಿದು, "ಪಾಪೂಗೆ ಸಾಲಿ ಹೇಳು" ಎಂದಳು. ಗೊಂಬೆಗೂ ಸಾರಿ ಹೇಳಿದೆ. ಕಿವಿ ಹರಿದ ಆ ಬಟ್ಟೆಗೊಂಬೆಯ ಮುಂದೆ ನಾನು ತಲೆಬಾಗಿದ್ದನ್ನು ಅಡುಗೆಮನೆಯ ಬಾಗಿಲಿನಿಂದ ನನ್ನಾಕೆಯೂ ತಾಯಿಯವರೂ ನೋಡಿದರು. ನೋಡಲಿ.

ಮುಂದಿನ ಭಾನುವಾರ ಹಿಂದಿನ ಬೆಂಚನ್ನು ಬಿಟ್ಟು ಮುಂದಿನ ಸಾಲಿನಲ್ಲಿ ಕುಳಿತೆವು. ಹಿಂದೆ ಕುಳಿತ ಮಗುವಿಗೆ ಕಾಣುವುದು ದೊಡ್ಡವರ ಬೆನ್ನುಗಳು ಮಾತ್ರ. ಯಾರಿಗಾದರೂ ಬೇಸರ ಬಂದೀತು. ಮುಂದೆ ಕುಳಿತಾಗ ಪುಟ್ಟಿಗೆ ಹೂವು ಕಂಡಿತು, ದೀಪ ಕಂಡಿತು, ಗುರುಗಳ ಹಸಿರು ಪೂಜಾವಸ್ತ್ರ ಕಂಡಿತು. ಗಂಟೆಗೆ ಸ್ವಲ್ಪ ಮೊದಲು ಅವಳ ಕಿವಿಯಲ್ಲಿ, "ಈಗ ಗಂಟೆ ಬಾರಿಸುತ್ತದೆ. ಯೇಸು ಬರುತ್ತಾರೆ. ಮೆಲ್ಲಗೆ, ಆಯಿತಾ?" ಎಂದೆ. ಅವಳು ಗಂಭೀರವಾಗಿ ತಲೆಯಾಡಿಸಿದಳು. ಗಂಟೆ ಮೊಳಗಿತು. ಒಂದು ಕ್ಷಣ ಮೌನ. ಆಮೇಲೆ ನನ್ನ ಕತ್ತನ್ನು ತಬ್ಬಿ, ಪಿಸುಮಾತೆಂದು ತಾನು ನಂಬಿದ್ದ ದನಿಯಲ್ಲಿ, ಸುತ್ತಲಿನ ಮೂರು ಬೆಂಚುಗಳಿಗೆ ಕೇಳುವಂತೆ ನುಡಿದಳು: "ಕುಲ್ಫಿ ಅಲ್ಲ, ಅಪ್ಪ. ಯೇಸು."

ಎಷ್ಟು ಮಂದಿ ತಿರುಗಿ ನೋಡಿದರೋ ನಾನು ಗಮನಿಸಲಿಲ್ಲ.

ಪ್ರಿಯ ಹೆತ್ತವರೇ, ನಿಮ್ಮ ಮನೆಯಲ್ಲಿಯೂ ಇಂಥದ್ದೊಂದು ಪುಟ್ಟ ಬಿರುಗಾಳಿ ಇದ್ದರೆ, ಮನೆಯಲ್ಲಿ ಬಿಟ್ಟು ಬರಬೇಡಿ, ಕರೆದುಕೊಂಡೇ ಬನ್ನಿ. ಅಗತ್ಯವಾದಾಗ ಎತ್ತಿಕೊಂಡು ಹೊರಗೆ ಹೋಗಿ, ಸಮಾಧಾನವಾದ ಮೇಲೆ ಮತ್ತೆ ಒಳಗೆ ಬನ್ನಿ. ಕೈ ಮೇಲೇಳುವ ಮುನ್ನ, ಈ ಸಿಟ್ಟು ಯಾರ ಮರ್ಯಾದೆಗಾಗಿ ಎಂದು ಒಮ್ಮೆ ಕೇಳಿಕೊಳ್ಳಿ. ಕೈ ಮೇಲೆದ್ದೇ ಬಿಟ್ಟರೆ, ಕ್ಷಮೆ ಕೇಳಲು ನನ್ನಂತೆ ತಡಮಾಡಬೇಡಿ. ಮಕ್ಕಳು ಬೆಳೆದು ದೊಡ್ಡವರಾಗಿರುವ ಹಿರಿಯರೇ, ನಿಮ್ಮಲ್ಲಿಯೂ ಒಂದು ವಿನಂತಿ. ಮುಂದಿನ ಭಾನುವಾರ ನಿಮ್ಮ ಹಿಂದೆ ಒಂದು ಮಗು ಅತ್ತರೆ ಖಂಡಿತವಾಗಿ ತಿರುಗಿ ನೋಡಿ. ನೋಡಿ, ಒಮ್ಮೆ ಮುಗುಳ್ನಕ್ಕುಬಿಡಿ. ಆ ನಗುವಿನ ಬೆಲೆ ಎಷ್ಟೆಂಬುದು, ಬೆವರುತ್ತಾ ಮಗುವನ್ನು ಸಂಭಾಳಿಸುತ್ತಿರುವ ಆ ತಾಯಿಗೋ ತಂದೆಗೋ ಮಾತ್ರ ಗೊತ್ತು.