ನೆರಳಿಗೊಂದು ನೆಲೆ

2025ರ ಮಳೆಗಾಲದ ಒಂದು ರವಿವಾರ ಬೆಳಗ್ಗೆ, ಹೈದರಾಬಾದಿನ ನಮ್ಮ ಮನೆಯ ಬಾಗಿಲಿಗೆ ಊರ ಕಡೆಯ ಯುವಕನೊಬ್ಬ ಬಂದು ನಿಂತ. ಕಟ್ಟಡ ಕೆಲಸಕ್ಕೆಂದು ಈ ನಗರಕ್ಕೆ ಬಂದು ಆರು ವರ್ಷವಾಯಿತೆಂದ. ಚಪ್ಪಲಿಯನ್ನು ಹೊರಗೆ ಬಿಟ್ಟು, ಕುರ್ಚಿಯ ಅಂಚಿನಲ್ಲಿ ಕುಳಿತು, ಚಹಾ ಆರುವವರೆಗೂ ವಿಷಯ ಎತ್ತಲಿಲ್ಲ. ಕೊನೆಗೆ ಹೇಳಿದ: “ಅಣ್ಣಾರ, ನಾನು ಗೊಂಬಿಯವರ ಮೊಮ್ಮಗರಿ. ನಮ್ಮಜ್ಜ ನಿಮ್ಮನಿ ಅಂಗಳದಾಗ ಆಟ ಆಡಸ್ತಿದ್ದ. ಈಗ ಪೆಟಗಿ ಹೊರಗ ತಗದೇವ್ರಿ. ಮೂರು ಊರಾಗ ಆಟ ಮಾಡೇವಿ. ಒಂದ ಸರ್ತಿ ಟಿವ್ಯಾಗ ಬರೂವಂಗ ಮಾಡ್ರಿ. ನೀವು ಸೆಂಟ್ರಲ್ ಗೌರ್ಮೆಂಟಿನ್ಯಾಗ ಅದೀರಿ.”

ಕೇಂದ್ರ ಸರಕಾರದ ನೌಕರಿಯೆಂದರೆ ದೆಹಲಿಯವರೆಗೆ ನೇರವಾಗಿ ಎಳೆದ ಒಂದು ದಾರ, ಇಲ್ಲಿ ಜಗ್ಗಿದರೆ ಅಲ್ಲಿ ಗೊಂಬೆ ಕುಣಿಯುತ್ತದೆ ಎಂಬ ನಂಬಿಕೆ ನಮ್ಮ ಊರುಗಳಲ್ಲಿ ಇನ್ನೂ ಉಳಿದಿದೆ. ನಮ್ಮ ಕಚೇರಿಗೂ ದೂರದರ್ಶನಕ್ಕೂ ಯಾವ ಸಂಬಂಧವೂ ಇಲ್ಲ. ಕಡತ ಬರೆಯುವುದಷ್ಟೇ ನಮಗೆ ತಿಳಿದ ವಿದ್ಯೆ. ಹಾಗೆಂದು ಹೇಳಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಆ ಯುವಕನ ಅಜ್ಜನಿಗೆ ನಮ್ಮ ಮನೆಯದೊಂದು ಹಳೆಯ ಬಾಕಿಯಿತ್ತು.

ನಮ್ಮ ಹಳ್ಳಿ ಆಗ ರಾಯಚೂರು ಜಿಲ್ಲೆಯಲ್ಲಿತ್ತು. 1997ರಲ್ಲಿ ಕೊಪ್ಪಳ ಜಿಲ್ಲೆಯಾದ ಮೇಲೆ ಅತ್ತ ಸೇರಿತು. ಪ್ರತಿವರ್ಷ ಸುಗ್ಗಿ ಮುಗಿದ ಮೇಲೆ ಗೊಂಬೆಯವರು ಬರುತ್ತಿದ್ದರು. ಎರಡು ಗಂಟು, ಒಂದು ಬಿದಿರಿನ ಪೆಟ್ಟಿಗೆ, ಮದ್ದಳೆ, ಹಾರ್ಮೋನಿಯಂ, ಕಂಕುಳಲ್ಲಿ ಕೂಸು. ಬಿಳಿಯ ಧೋತರವನ್ನು ಬಿಗಿದು ಕಟ್ಟಿ, ಹಿಂದೆ ದೀಪವಿಟ್ಟರೆ ನಮ್ಮ ಅಂಗಳವೇ ಲಂಕೆಯಾಗುತ್ತಿತ್ತು. ಆಡಿನ ಚರ್ಮವನ್ನು ಬೆಳಕು ಹಾಯುವಷ್ಟು ತೆಳ್ಳಗೆ ಹದಮಾಡಿ, ಉಳಿಯಿಂದ ಸಣ್ಣ ತೂತುಗಳನ್ನು ಕೊರೆದು, ಬಣ್ಣ ಹಾಕಿದ ಗೊಂಬೆಗಳು ಅವು. ರಾಜ ದೊಡ್ಡವನು, ಸೇವಕ ಚಿಕ್ಕವನು: ಅಂತಸ್ತಿಗೆ ತಕ್ಕ ಅಳತೆ. ಆದರೆ ಆ ಅಂತಸ್ತನ್ನೆಲ್ಲ ನಗೆಯಿಂದ ಕೆಡವಿಹಾಕಲು ಸಿಳ್ಳೇಕ್ಯಾತ ಮತ್ತು ಬಂಗಾರಕ್ಕ ನಡುನಡುವೆ ಬರುತ್ತಿದ್ದರು. ಸೀತೆಗೂ ಮಂಡೋದರಿಗೂ ದನಿ ಕೊಡುತ್ತಿದ್ದವಳು ಆ ಮನೆಯ ಸೊಸೆ. ಇಂದಿನ ಈ ಯುವಕನ ಅಜ್ಜಿ.

1987ರಲ್ಲಿ ನಮ್ಮ ಮನೆಗೆ ಕಪ್ಪು-ಬಿಳುಪು ಟಿವಿ ಬಂತು. ಆ ವರ್ಷದ ಜನವರಿ 25ರಂದು ರಮಾನಂದ ಸಾಗರರ ‘ರಾಮಾಯಣ’ ದೂರದರ್ಶನದಲ್ಲಿ ಆರಂಭವಾಗಿತ್ತು. ರವಿವಾರ ಬೆಳಗಾದರೆ ಅರ್ಧ ಊರು ನಮ್ಮ ಪಡಸಾಲೆಯಲ್ಲಿ. ಹಿಂದಿ ತಿಳಿಯದವರೂ ಕೈಮುಗಿದು ಕೂಡುತ್ತಿದ್ದರು. ಅದೇ ಬೇಸಗೆಯಲ್ಲಿ ಗೊಂಬೆಯವರು ಎಂದಿನಂತೆ ಬಂದಾಗ ನಮ್ಮ ತಂದೆಯವರು, ಬಯ್ಯದೆ, ಗದರದೆ, ಮೆತ್ತಗೆ ಹೇಳಿದರು: “ಈ ವರ್ಷ ಬ್ಯಾಡಪ್ಪಾ. ರಾಮಾಯಣ ಟಿವ್ಯಾಗ ನಡದೈತಿ.” ಒಂದು ಮರ ಜೋಳ ಕೊಟ್ಟು ಕಳಿಸಿದರು. ನಮಗಾಗ ಹತ್ತು ವರ್ಷ. ಗೊಂಬೆಯಜ್ಜ ಬಾಗಿಲಲ್ಲೇ ನಿಂತು ಒಳಗಿನ ಪೆಟ್ಟಿಗೆಯನ್ನು ಒಂದು ಗಳಿಗೆ ನೋಡಿದ್ದು ನೆನಪಿದೆ. ಅವರು ಮುಂದಿನ ವರ್ಷ ಬರಲಿಲ್ಲ. ನಾವೂ ಕೇಳಲಿಲ್ಲ.

ಯಾವ ಪೆಟ್ಟಿಗೆ ಅವರನ್ನು ಅಂಗಳದಿಂದ ಕಳಿಸಿತ್ತೋ ಅದೇ ಪೆಟ್ಟಿಗೆಯೊಳಗೆ ಈಗ ಜಾಗ ಕೊಡಿಸಿರೆಂದು ಮೊಮ್ಮಗ ಕೇಳುತ್ತಿದ್ದ. ಅವನಿಗೆ ಧೈರ್ಯ ಬಂದದ್ದು ಎಲ್ಲಿಂದ ಎಂದು ವಿಚಾರಿಸಿದೆವು. ಆ ವರ್ಷ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂದಿತ್ತು. ತೊಂಬತ್ತು ದಾಟಿದ ಅಜ್ಜಿಯೊಬ್ಬರು ತೊಗಲು ಗೊಂಬೆ ಹಿಡಿದು ನಿಂತ ಚಿತ್ರ ಪತ್ರಿಕೆಗಳಲ್ಲಿ ಬಂದ ದಿನ, ಇವರ ಮನೆಯಲ್ಲಿ ಇವನಜ್ಜಿ ಅಟ್ಟದ ಪೆಟ್ಟಿಗೆಯನ್ನು ತಾನೇ ಇಳಿಸಲು ಹೋಗಿ ಬಿದ್ದಳಂತೆ. ಪೆಟ್ಟಿಗೆಯಲ್ಲಿ ಕೆಲವು ಗೊಂಬೆಗಳನ್ನು ಇಲಿ ತಿಂದಿತ್ತು, ಕೆಲವು ಸುಕ್ಕುಗಟ್ಟಿದ್ದವು. ರಾವಣನಿಗೆ ಹೊಸದಾಗಿ ಮೂರು ತಲೆ ಕೊರೆಯಬೇಕಾಯಿತು. ಅದಕ್ಕೆ ಹಣ ಈ ನಗರದ ಸಿಮೆಂಟು ಗಾರೆಯಿಂದ ಬಂತು.

ಮೊದಲು ನಾವು ಪರಿಚಯದವರ ಮೂಲಕ ಒಂದು ಖಾಸಗಿ ವಾಹಿನಿಯನ್ನು ವಿಚಾರಿಸಿದೆವು. ಅವರು ಉತ್ಸಾಹದಿಂದಲೇ ಮಾತಾಡಿದರು. ಹಬ್ಬದ ವಿಶೇಷ ಕಾರ್ಯಕ್ರಮದಲ್ಲಿ ಏಳು ನಿಮಿಷ. ಕಥೆ ಬೇಡ, ನಗೆಯ ಜೋಡಿ ಸಾಕು. ಬಂಗಾರಕ್ಕ ಸಿನಿಮಾ ಹಾಡಿಗೆ ಕುಣಿಯಲಿ. ಪರದೆಯೂ ಬೇಡ; ಗೊಂಬೆಗಳನ್ನು ಕೈಯಲ್ಲಿ ಹಿಡಿದು ಕಲಾವಿದರು ಎದುರಿಗೇ ಬರಲಿ, ದೀಪಗಳ ಬೆಳಕಿನಲ್ಲಿ ಬಣ್ಣ ಚೆನ್ನಾಗಿ ಕಾಣುತ್ತದೆ. ಗೌರವಧನವನ್ನೂ ಹೇಳಿದರು. ಅದು ಯುವಕನ ಒಂದು ತಿಂಗಳ ಕೂಲಿಗಿಂತ ಹೆಚ್ಚಿತ್ತು.

ನಮಗೆ ಸಿಟ್ಟು ಬಂತು, ಅವನಿಗೆ ಬರಲಿಲ್ಲ. “ರೊಕ್ಕ ಕೊಡ್ತಾರಲ್ರೀ ಅಣ್ಣಾರ” ಎಂದ. ತಿಂಗಳ ಕೊನೆಗೆ ತಪ್ಪದೆ ಸಂಬಳ ಬರುವವರು ಕಲೆಯ ಶುದ್ಧಿಯ ಬಗ್ಗೆ ಮಾತಾಡುವುದು ಸುಲಭ. ಬೇಡವೆನ್ನಲು ನಾವು ಯಾರು? ಕೊನೆಗೆ ಅವನೇ ಅಜ್ಜಿಗೆ ಫೋನು ಹಚ್ಚಿದ. ಸ್ಪೀಕರಿನಲ್ಲಿ ಆ ದನಿ ಕೇಳಿದೊಡನೆ ನಮಗೆ ಮಂಡೋದರಿ ನೆನಪಾದಳು. ಎಲ್ಲವನ್ನೂ ಕೇಳಿಸಿಕೊಂಡು ಅಜ್ಜಿ ಒಂದೇ ಮಾತು ಹೇಳಿದಳು: “ಪರದಿ ಬ್ಯಾಡಂದ್ರ ಬರೇ ಚಕ್ಕಳ ತೋರ್ಸಿದಂಗಾತು, ಮಗಾ.”

ನಮ್ಮ ಹುಡುಕಾಟಕ್ಕೆ ದಿಕ್ಕು ಸಿಕ್ಕಿದ್ದು ಆ ಮಾತಿನಿಂದ. ಅಲ್ಲಿಯವರೆಗೆ ನಾವು ‘ಯಾವ ವಾಹಿನಿಗೆ ನೋಡುಗರು ಹೆಚ್ಚು’ ಎಂದು ಕೇಳುತ್ತಿದ್ದೆವು. ಕೇಳಬೇಕಾದ ಪ್ರಶ್ನೆ ಬೇರೆಯಾಗಿತ್ತು: ಈ ಆಟ ಆಟವಾಗಿಯೇ ಉಳಿಯಲು ಏನೇನು ಬೇಕು, ಅದನ್ನು ಯಾರು ಕೊಡಬಲ್ಲರು?

ಎಲ್ಲ ಗೊಂಬೆಗೂ ಒಂದೇ ಮನೆ ಒಗ್ಗುವುದಿಲ್ಲ. ಮುಂಬಯಿಯ ರಾಮದಾಸ ಪಾಧ್ಯೆಯವರು ತಂದೆ ವೈ. ಕೆ. ಪಾಧ್ಯೆಯವರಿಂದ ಬಂದ ಅರ್ಧವಟರಾವ್ ಎಂಬ ಮಾತಾಡುವ ಗೊಂಬೆಯನ್ನು ಟಿವಿಗೆ ತಂದರು. ಅದು ಮುಖದ ಆಟ. ಕ್ಯಾಮೆರಾ ಹತ್ತಿರ ಹೋದಷ್ಟೂ ಅದಕ್ಕೆ ಲಾಭ. ಕುಂದಾಪುರದ ಬಳಿಯ ಉಪ್ಪಿನಕುದ್ರುವಿನಲ್ಲಿ ಕೊಗ್ಗ ಕಾಮತರ ಮನೆತನ ಉಳಿಸಿಕೊಂಡು ಬಂದಿರುವ ಯಕ್ಷಗಾನ ಗೊಂಬೆಯಾಟ ಸೂತ್ರದ್ದು. ಮರದ ಗೊಂಬೆ ನೋಡುಗರ ಎದುರಿಗೇ ಹೆಜ್ಜೆ ಹಾಕುತ್ತದೆ, ಬೆಳಕು ಮುಂದಿನಿಂದ ಬಿದ್ದರೂ ನಡೆಯುತ್ತದೆ. ತೊಗಲು ಗೊಂಬೆಯ ಜೀವವಿರುವುದು ಹಿಂದಿನ ಬೆಳಕಿನಲ್ಲಿ. ಸ್ಟುಡಿಯೋದ ದೀಪಗಳನ್ನೆಲ್ಲ ಎದುರಿಗೆ ಹಚ್ಚಿದರೆ ಪರದೆ ಬೆಳ್ಳಗಾಗಿ ರಾಮನೂ ಇಲ್ಲ, ರಾವಣನೂ ಇಲ್ಲ. ಮುಂದೆ ಕತ್ತಲೆ ಬೇಕು. ಗೊಂಬೆ ಪರದೆಗೆ ಅಂಟಿದಾಗ ಸ್ಪಷ್ಟವಾಗಿ, ದೂರ ಸರಿದಾಗ ಮಸುಕಾಗಿ ಹಿಗ್ಗುವುದನ್ನು ತೋರಿಸಲು ಕ್ಯಾಮೆರಾ ಅಲುಗಾಡದೆ ಕಾಯಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಹೊತ್ತು ಬೇಕು. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಗಾಂಧೀಜಿಯ ಬದುಕನ್ನು ‘ಬಾಪು’ ಎಂದು ತೊಗಲಿನಲ್ಲಿ ಕೊರೆದು ಆಡಿಸಿದರು. ಹಳೆಯ ಪರದೆಯ ಮೇಲೆ ಹೊಸ ಕಥೆಯೂ ನಿಲ್ಲುತ್ತದೆ. ಆದರೆ ಪರದೆ ಇರಲೇಬೇಕು.

ಇಂಗ್ಲಿಷ್ ಎಂ.ಎ. ಮಾಡುವಾಗ ನಮಗೆ ಯಾರೂ ಪಾಠ ಹೇಳದ ಒಂದು ಸಂಗತಿ ಈಗ ಕೆಲಸಕ್ಕೆ ಬಂತು. ಜಿಮ್ ಹೆನ್ಸನ್ ಎಂಬ ಅಮೆರಿಕದ ಗೊಂಬೆಯಾಟಗಾರ ‘ಮಪೆಟ್ ಶೋ’ ಮಾಡಹೊರಟಾಗ ಅಲ್ಲಿಯ ದೊಡ್ಡ ವಾಹಿನಿಗಳು ಒಪ್ಪಲಿಲ್ಲ. ಗೊಂಬೆಯೆಂದರೆ ಮಕ್ಕಳಿಗೆ ಎಂಬುದು ಅವರ ತೀರ್ಮಾನ. ಆತನಿಗೆ ಜಾಗ ಕೊಟ್ಟದ್ದು ಇಂಗ್ಲೆಂಡಿನ ಎಟಿವಿ ಸಂಸ್ಥೆ. 1976ರಿಂದ 1981ರವರೆಗೆ 120 ಕಂತುಗಳು ಅಲ್ಲಿ ತಯಾರಾಗಿ ಅಮೆರಿಕಕ್ಕೂ ಜಗತ್ತಿಗೂ ಹೋದವು. ಗೊಂಬೆಗೆ ಹುಟ್ಟಿದ ಊರಿನಲ್ಲೇ ಮನೆ ಸಿಗಬೇಕೆಂಬ ನಿಯಮವಿಲ್ಲ.

ನಮ್ಮ ಹೈದರಾಬಾದಿಗೂ ಇಂಥದೊಂದು ಕಥೆಯಿದೆ. ಇಲ್ಲಿರುವ ಕನ್ನಡಿಗರಲ್ಲಿಯೂ ಅನೇಕರು ಅದನ್ನು ಮರೆತಿದ್ದೇವೆ. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ, ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನ ತೋರಿಸುವ ಪ್ರಯೋಗ ನಡೆಯಿತು. ಕರ್ನಾಟಕದಲ್ಲಿ ಆಯ್ಕೆಯಾದವು ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು. ಕಾರ್ಯಕ್ರಮ ತಯಾರಿಸುವ ಕೇಂದ್ರಗಳಿದ್ದದ್ದು ದೆಹಲಿ, ಕಟಕ್ ಮತ್ತು ಹೈದರಾಬಾದಿನಲ್ಲಿ. ನಮ್ಮ ಹಳ್ಳಿಗಳ ಕನ್ನಡ ಟಿವಿಯ ತೊಟ್ಟಿಲು ಬೆಂಗಳೂರಲ್ಲ, ಈ ಊರು. ಹೀಗಿರುವಾಗ ರಾಯಚೂರು ಸೀಮೆಯ ಗೊಂಬೆ ಹೈದರಾಬಾದಿನ ಮೂಲಕ ಟಿವಿಗೆ ಹೋಗಲು ಹೊರಟದ್ದು ಹೊಸ ದಾರಿಯೇನಲ್ಲ.

ಒಂದು ಪ್ರಯೋಗ ಮಾಡಿ ನೋಡೋಣವೆಂದು, ದಸರೆಯ ರಜೆಯಲ್ಲಿ ಊರಿನಿಂದ ಅಜ್ಜಿಯನ್ನೂ ಚಿಕ್ಕಪ್ಪನನ್ನೂ ಕರೆಸಿದೆವು. ನಮ್ಮ ವಸತಿ ಸಮುಚ್ಚಯದ ಸಭಾಂಗಣದಲ್ಲಿ ಧೋತರ ಕಟ್ಟಿ, ಕಿಟಕಿಗಳಿಗೆ ಕಂಬಳಿ ಹಾಕಿ, ಪರಿಚಯದ ಹುಡುಗನೊಬ್ಬನ ಕ್ಯಾಮೆರಾವನ್ನು ಮೂರುಕಾಲಿನ ಮೇಲೆ ನಿಲ್ಲಿಸಿದೆವು. ಮೊದಲು ಎಲ್ಇಡಿ ದೀಪ ಇಟ್ಟೆವು; ಎಲ್ಲವೂ ಸ್ವಚ್ಛವಾಗಿ ಕಂಡಿತು, ಏನೂ ಉಸಿರಾಡಲಿಲ್ಲ. ಅಜ್ಜಿ ಅದನ್ನು ತೆಗೆಸಿ ಹಳೆಯ ಹಳದಿ ಬಲ್ಬು ಹಾಕಿಸಿದಳು. ಆಗ ಹನುಮಂತನ ಬಾಲದ ತೂತುಗಳಿಂದ ಬೆಂಕಿ ಬಂತು.

ನೋಡಲು ಬಂದವರಲ್ಲಿ ಕನ್ನಡ ಬಲ್ಲವರು ಹತ್ತೋ ಹನ್ನೆರಡೋ. ಉಳಿದವರು ತೆಲುಗರು. ನಾವು ಸಂಕೋಚಪಡುತ್ತ ಅರ್ಥ ಹೇಳಲು ನಿಂತಿದ್ದೆವು. ಬಂಗಾರಕ್ಕ ಪರದೆಯ ಮೇಲೆ ಬಂದದ್ದೇ ತಡ, ಅನಂತಪುರದ ಕಡೆಯ ನಮ್ಮ ಕಾವಲುಗಾರ ಎದ್ದು ನಿಂತು “ಮಾ ಬಂಗಾರಕ್ಕ!” ಎಂದು ಕೂಗಿದ. ಆಂಧ್ರದ ತೋಲುಬೊಮ್ಮಲಾಟದಲ್ಲಿಯೂ ಅವಳ ಹೆಸರು ಅದೇ. ನಗೆಯ ಜೊತೆಗಾರನ ಹೆಸರು ಮಾತ್ರ ಕೇತಿಗಾಡು. ಅಲ್ಲಿಯ ಗೊಂಬೆಗಳು ಆಳೆತ್ತರ, ನಮ್ಮವು ಚಿಕ್ಕವು. ಎರಡೂ ಕಡೆ ಅನೇಕ ಗೊಂಬೆಯವರ ಮನೆಮಾತು ಮರಾಠಿಯ ಒಂದು ಒಳನುಡಿ. ಮನೆಯಲ್ಲಿ ಒಂದು ಭಾಷೆ, ಅನ್ನಕ್ಕೆ ಇನ್ನೊಂದು: ಪರವೂರಿನಲ್ಲಿರುವ ನಮಗೆ ಈ ಪಾಡು ಅಪರಿಚಿತವಲ್ಲ. ಅವರು ಅದನ್ನು ನಮಗಿಂತ ಎಷ್ಟೋ ತಲೆಮಾರು ಮೊದಲೇ ಕಲಿತವರು.

ಆಟ ಎರಡು ಗಂಟೆ ನಡೆಯಿತು. ಮಕ್ಕಳು ಒಬ್ಬೊಬ್ಬರಾಗಿ ಪರದೆಯ ಹಿಂದೆ ನುಸುಳಿದರು. ಅಜ್ಜಿ ಯಾರನ್ನೂ ಅಟ್ಟಲಿಲ್ಲ.

ಊಟಕ್ಕೆ ಕುಳಿತಾಗ ನಾವು ಆ 1987ರ ಮಾತೆತ್ತಿದೆವು. ನಮ್ಮ ತಂದೆಯವರ ಪರವಾಗಿ, ನಮ್ಮ ಪರವಾಗಿ, ಏನಾದರೂ ಹೇಳಬೇಕಿತ್ತು. ಅಜ್ಜಿ ರೊಟ್ಟಿ ಮುರಿಯುತ್ತ ನಕ್ಕಳು. “ನಿಮ್ಮಪ್ಪಾರು ಜ್ವಾಳ ಕೊಟ್ಟು ಕಳಿಸಿದ್ರು, ತಮ್ಮಾ. ಬ್ಯಾರೇದವರು ಅದನ್ನೂ ಕೊಡಲಿಲ್ಲ” ಎಂದಳು. ಸ್ವಲ್ಪ ಹೊತ್ತಿನ ಮೇಲೆ ತಾನೇ ಮುಂದುವರಿಸಿದಳು: “ಅವರ ರಾಮ ಹಗಲಿನ್ಯಾಗ ಬಂದ. ಅದಕ್ಕ ನಾವು ಸೋತ್ವಿ.”

ಆ ರಾತ್ರಿ ಪ್ರಸ್ತಾವನೆ ಬರೆಯಲು ಕುಳಿತೆವು. ಯಾವ ವಾಹಿನಿ ಎಂಬ ಬಗ್ಗೆ ನಮ್ಮಲ್ಲಿ ಈಗ ಗೊಂದಲವಿರಲಿಲ್ಲ: ದೂರದರ್ಶನದ ಚಂದನ. ಯೂಟ್ಯೂಬಿಗೆ ಹಾಕಬಹುದು, ಹಾಕುತ್ತೇವೆ. ಹೊರನಾಡಿನ ನಮ್ಮಂಥವರಿಗೆ ಅದು ಅನುಕೂಲ. ಆದರೆ ಮೊಬೈಲನ್ನು ಒಬ್ಬರೇ ಹಿಡಿದು ನೋಡುತ್ತಾರೆ. ಆಟ ಬಯಸುವುದು ಒಟ್ಟಿಗೆ ಕುಳಿತ ಮನೆಯನ್ನು. ಅಜ್ಜಿಯ ಊರಿನ ಮನೆಗಳ ಮೇಲೆ ತಿಂಗಳ ಬಾಡಿಗೆಯಿಲ್ಲದ ಫ್ರೀ ಡಿಶ್ ತಟ್ಟೆಗಳಿವೆ, ಅದರಲ್ಲಿ ಚಂದನ ಬರುತ್ತದೆ. ತನ್ನ ಆಟವನ್ನು ತನ್ನ ಓಣಿಯವರು ನೋಡದಿದ್ದರೆ ಅವಳಿಗೆ ಅದು ಟಿವಿಯೇ ಅಲ್ಲ. ಸಾರ್ವಜನಿಕರ ಹಣದಲ್ಲಿ ನಡೆಯುವ ವಾಹಿನಿಯನ್ನು ಬಿಟ್ಟು ಬೇರೆ ಯಾರಲ್ಲಿ ಒಂದು ಗಂಟೆಯ ಕತ್ತಲೆಯನ್ನು ಕೇಳಲು ನಮಗೆ ಹಕ್ಕಿದೆ?

ಕಡತದ ಭಾಷೆಯಲ್ಲಿ ನಮ್ಮ ಕೈ ಪಳಗಿದೆ. ಅವಧಿ: ಅರವತ್ತು ನಿಮಿಷದ ನಾಲ್ಕು ಕಂತು. ಬೆಳಕು: ಪರದೆಯ ಹಿಂದಿನಿಂದ ಮಾತ್ರ. ಕಲಾವಿದರು: ಮೂವರು, ಒಂದೇ ಕುಟುಂಬದವರು. ಸೂಕ್ತ ಪ್ರಸಾರ ಸಮಯ ಎಂಬಲ್ಲಿಗೆ ಬಂದಾಗ ಲೇಖನಿ ನಿಂತಿತು. ಪಡಸಾಲೆಯಲ್ಲಿ ಮಲಗಿದ್ದ ಅಜ್ಜಿಗೆ ಇನ್ನೂ ನಿದ್ದೆ ಬಂದಿರಲಿಲ್ಲ. ಯಾವ ಹೊತ್ತಿಗೆ ಹಾಕಲಿ ಎಂದು ಕೇಳಿದೆವು.

“ಎಲ್ಲಾರ ಊಟ ಆದ ಮ್ಯಾಲ, ತಮ್ಮಾ. ದೀಪ ಆರಿಸಿ ಕುಂದ್ರಾಕ ಹೇಳ್ರಿ.”

ಹಾಗೆಯೇ ಬರೆದೆವು.